ಅಡುಗೆಮನೆಯ ಬೆಂಕಿಯೂ ನಮ್ಮ ವಿದ್ಯೆಯೂ

ಬೆಂಕಿ ಉರಿಯಲು ಇಂಧನ, ಆಮ್ಲಜನಕ, ಉಷ್ಣ ಈ ಮೂರೂ ಬೇಕು. ಇವುಗಳಲ್ಲಿ ಒಂದನ್ನು ತೆಗೆದರೂ ಬೆಂಕಿ ಆರುವುದು. ಪ್ರೌಢಶಾಲೆಯ ವಿದ್ಯಾರ್ಥಿಯು ಇದನ್ನು ಪರೀಕ್ಷೆಯಲ್ಲಿ ತಪ್ಪಿಲ್ಲದೆ ಬರೆಯುತ್ತಾನೆ. ಆದರೆ ಮನೆಯ ಬಾಣಲೆಯಲ್ಲಿ ಎಣ್ಣೆ ಹೊತ್ತಿಕೊಂಡಿತೆಂದರೆ ಅವನ ಕೈ ಮೊದಲು ಹೋಗುವುದು ನೀರಿನ ಚೊಂಬಿನ ಕಡೆಗೇ. ಕಲಿತದ್ದು ಕೈಗೆ ಇಳಿಯದಿದ್ದರೆ ಅದನ್ನು ವಿದ್ಯೆಯೆಂದು ಕರೆಯುವುದು ಹೇಗೆ?

ಉರಿಯುವ ಎಣ್ಣೆಯ ಉಷ್ಣತೆ ನೀರಿನ ಕುದಿಬಿಂದುವಿಗಿಂತ ಬಹಳ ಹೆಚ್ಚು. ಎಣ್ಣೆಗಿಂತ ಭಾರವಾದ ನೀರು ತಳಕ್ಕಿಳಿದು, ಕ್ಷಣಮಾತ್ರದಲ್ಲಿ ಉಗಿಯಾಗಿ ಸುಮಾರು 1,700 ಪಟ್ಟು ಹಿಗ್ಗಿ, ಉರಿಯುವ ಎಣ್ಣೆಯನ್ನು ಸುತ್ತಲೂ ಎರಚುತ್ತದೆ. ಅಲ್ಲಿ ಮಾಡಬೇಕಾದುದು ಇಷ್ಟೆ: ಒಲೆಯನ್ನು ಆರಿಸಿ, ಬಾಣಲೆಯ ಮೇಲೆ ಲೋಹದ ತಟ್ಟೆಯೊಂದನ್ನು ಪಕ್ಕದಿಂದ ಸರಿಸಿ ಮುಚ್ಚಿ, ತಣ್ಣಗಾಗುವವರೆಗೆ ತೆಗೆಯದಿರುವುದು.

ಸಿಲಿಂಡರಿನ ಅನಿಲದ ರೀತಿ ಬೇರೆ. ಪ್ರೊಪೇನ್ ಮತ್ತು ಬ್ಯೂಟೇನ್‌ಗಳ ಈ ಮಿಶ್ರಣ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ಸೋರಿದರೆ ಅದು ಮೇಲಕ್ಕೇರದೆ ನೆಲದ ಮೇಲೆ ಹರಡಿ, ದೇವರ ಮನೆಯ ನಂದಾದೀಪದವರೆಗೂ ಸಾಗಬಲ್ಲದು. ಗಾಳಿಯಲ್ಲಿ ನೂರಕ್ಕೆ ಎರಡು ಪಾಲು ಬೆರೆತರೂ ಹೊತ್ತಿಕೊಳ್ಳಲು ಸಾಕು. ಅದಕ್ಕೆ ಸ್ವಂತದ ವಾಸನೆಯಿಲ್ಲ. ನಮ್ಮನ್ನು ಎಚ್ಚರಿಸಲೆಂದೇ ಮರ್ಕ್ಯಾಪ್ಟನ್ ಬೆರೆಸಿರುತ್ತಾರೆ. ಆ ವಾಸನೆ ಬಂದೊಡನೆ ವಿದ್ಯುತ್ ಸ್ವಿಚ್ಚನ್ನು ಹಾಕಲೂ ಬಾರದು, ತೆಗೆಯಲೂ ಬಾರದು. ಅದರ ಕಿಡಿಯೊಂದೇ ಸಾಕು. ಬೆಂಕಿ, ದೀಪಗಳನ್ನು ನಂದಿಸಿ, ರೆಗ್ಯುಲೇಟರನ್ನು ಮುಚ್ಚಿ, ಕಿಟಕಿ ಬಾಗಿಲುಗಳನ್ನು ತೆರೆದು ಹೊರಗೆ ಬರಬೇಕು. ದೂರವಾಣಿ ಕರೆ ಆಮೇಲೆ, ಹೊರಗಿನಿಂದ.

ಇದಕ್ಕೆಲ್ಲ ಅಗ್ನಿಶಾಮಕ ದಳವಿದೆಯಲ್ಲ ಎನ್ನಬಹುದು. ಇದೆ, 101 ಅಥವಾ 112ಕ್ಕೆ ಕರೆ ಮಾಡಲು ತಡಮಾಡಕೂಡದು. ಆದರೆ ಎಷ್ಟೇ ದಕ್ಷವಾದ ದಳವೂ ಠಾಣೆಯಿಂದ ಹೊರಟು, ಬೀದಿಯ ಸಂದಣಿಯನ್ನು ದಾಟಿ ಬರಬೇಕು. ಬೆಂಕಿ ಅಷ್ಟು ಹೊತ್ತು ಕಾಯದು. ಮೊದಲ ಕೆಲವು ನಿಮಿಷಗಳ ಹೊಣೆ ಮನೆಯವರದೇ.

1944ರ ಏಪ್ರಿಲ್ 14ರಂದು ಮುಂಬಯಿಯ ಬಂದರಿನಲ್ಲಿ ‘ಫೋರ್ಟ್ ಸ್ಟಿಕೀನ್’ ಹಡಗು ಸ್ಫೋಟಿಸಿದಾಗ ಪ್ರಾಣತೆತ್ತ ಅಗ್ನಿಶಾಮಕರ ನೆನಪಿಗಾಗಿ ಪ್ರತಿವರ್ಷ ಏಪ್ರಿಲ್ 14ರಿಂದ 20ರವರೆಗೆ ಅಗ್ನಿಶಾಮಕ ಸೇವಾ ಸಪ್ತಾಹ ನಡೆಯುತ್ತದೆ. ಆದರೆ ಆಗ ನಮ್ಮ ಶಾಲೆಗಳಿಗೆ ಬೇಸಗೆಯ ರಜೆ. ಶಾಲೆಗಳು ಮತ್ತೆ ತೆರೆದ ಮೇಲೆ, ಜೂನ್ ತಿಂಗಳಲ್ಲಿ ಒಂದು ದಿನವನ್ನು ಇದಕ್ಕೆಂದು ಮೀಸಲಿಡಬೇಕೆಂಬುದು ನನ್ನ ಅಭಿಪ್ರಾಯ. ಠಾಣೆಯ ಸಿಬ್ಬಂದಿಯನ್ನು ಕರೆಸಬೇಕು, ಆದರೆ ಭಾಷಣಕ್ಕಲ್ಲ. ಅವರ ಕಣ್ಣೆದುರಿನಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಯೂ ರೆಗ್ಯುಲೇಟರನ್ನು ಮುಚ್ಚಿ, ಬಾಣಲೆಗೆ ತಟ್ಟೆ ಸರಿಸಿ ಕಲಿಯಬೇಕು. ಅದೇ ಸಂಜೆ ಮನೆಯ ಹಿರಿಯರಿಗೆ ಮಾಡಿ ತೋರಿಸಬೇಕು. ಇದಕ್ಕೆ ತಗಲುವ ವೆಚ್ಚ ಅತ್ಯಲ್ಪ. ಉಳಿಯುವುದು ಒಂದೇ ಒಂದು ಜೀವವಾದರೂ ಆ ದಿನದ ಪಾಠ ಸಾರ್ಥಕ.