ಬೇಲಿಗೊಂದು ಕಾರಣ ಬರೆಯಿರಿ

ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರಿನ ವಿದ್ಯಾರ್ಥಿಗಳ ಆಂಡ್ರಾಯ್ಡ್ ಫೋನುಗಳಲ್ಲೂ ಎಸ್‌ಇ ಲಿನಕ್ಸ್ ಎಂಬ ಕಾವಲಿದೆ. ಯಾವ ಪ್ರಾಸೆಸ್ ಯಾವ ಫೈಲನ್ನು ಮುಟ್ಟಬಹುದೆಂದು, 2014ರ 5.0 ಆವೃತ್ತಿಯಿಂದೀಚೆಗೆ, ಅದರ ನಿಯಮಗಳು ಕಟ್ಟುನಿಟ್ಟಾಗಿ ನಿರ್ಧರಿಸುತ್ತವೆ. ಈ ಸ್ಯಾಂಡ್‌ಬಾಕ್ಸ್ ಬೇಕೇಬೇಕು. ನನ್ನ ತಕರಾರು ನಿಯಮ ಬರೆಯುವವರ ಮೇಲೆ.

‘ನಿಯಮವೇ ದಾಖಲೆ’ ಎನ್ನುತ್ತಾರೆ. ಸುಳ್ಳು. ನಿಯಮ ಯಾವುದಕ್ಕೆ ಅನುಮತಿ ಎಂದು ಹೇಳುತ್ತದೆ, ಏಕೆಂದು ಹೇಳುವುದಿಲ್ಲ. ಕಾರಣ ತಿಳಿಯದವನು ಲಿನಕ್ಸ್ ಕಂಪ್ಯೂಟರಿನಲ್ಲಿ ಅಡ್ಡಿ ಎದುರಾದೊಡನೆ ‘ಸೆಟ್‌ಎನ್‌ಫೋರ್ಸ್ 0’ ಎಂದು ಟೈಪಿಸಿ ಕಾವಲನ್ನೇ ಮಲಗಿಸುತ್ತಾನೆ. ತಪ್ಪು ಅವನೊಬ್ಬನದೇ?

ನಿಯಮದ ಕಡತದಲ್ಲೇ # ಹಾಕಿ ಟಿಪ್ಪಣಿ ಬರೆಯಬಹುದು: ಈ ಅನುಮತಿ ಯಾರಿಗೆ, ಏಕೆ, ತೆಗೆದರೆ ಏನು ಕೆಡುತ್ತದೆ. ಅಷ್ಟನ್ನೂ ಬರೆಯದವರು ಭದ್ರತೆಯ ಪಾಠ ಹೇಳಬಾರದು. ಆ ಸಾಲು ಕನ್ನಡದಲ್ಲೂ ಇದ್ದರೆ ನಮ್ಮೂರ ಹುಡುಗಿ ಬೇಲಿ ಕೀಳುವುದಿಲ್ಲ, ಸರಿಪಡಿಸುತ್ತಾಳೆ.