ಬಣ್ಣ ತುಂಬುವ ಪುಸ್ತಕ ಬದಿಗಿಡಿ, ಮಕ್ಕಳ ಕೈಗೆ ಮಣ್ಣು ಕೊಡಿ

ಅಂಗನವಾಡಿಯಿಂದ ಮಗು ಮನೆಗೆ ಬಂದ ತಕ್ಷಣ ನಾವು ಕೇಳುವ ಮೊದಲ ಪ್ರಶ್ನೆ, 'ಇವತ್ತು ಎಂತ ಬರೆಸಿದರು?' ಮಂಜೇಶ್ವರ, ಕುಂಬಳೆಯಿರಲಿ, ಬದಿಯಡ್ಕ, ಮುಳ್ಳೇರಿಯವಿರಲಿ, ಕಾಸರಗೋಡಿನ ಕನ್ನಡ ಮನೆಗಳಲ್ಲಿ ಇದೇ ಕಥೆ. ಏನು ಆಡಿದೆ, ಯಾವ ಹಾಡು ಹೇಳಿದೆ ಎಂದು ಕೇಳುವವರು ಕಡಿಮೆ. ಸ್ಲೇಟಿನಲ್ಲಿ ಅಕ್ಷರ ಕಾಣದಿದ್ದರೆ 'ಅಲ್ಲಿ ಎಂತದೂ ಕಲಿಸುವುದಿಲ್ಲ ಮಾರಾಯ್ರೆ, ಬರೀ ಊಟ' ಎಂಬ ತೀರ್ಪು. ಮುಂದಿನ ಜೂನಿನಲ್ಲಿ ಮಗು ಇಂಗ್ಲಿಷ್ ಮೀಡಿಯಂ ಎಲ್‌ಕೆಜಿಯ ವ್ಯಾನಿನಲ್ಲಿ!

ಟೀಚರಾದರೂ ಏನು ಮಾಡಿಯಾರು? 1975ರ ಅಕ್ಟೋಬರ್ 2ರಂದು ಐಸಿಡಿಎಸ್ ಯೋಜನೆ ಆರಂಭವಾದಾಗ ಅದಕ್ಕೆ ವಹಿಸಿದ್ದು ಆರು ಸೇವೆ. ಪೂರಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ ಮುಂತಾದವುಗಳ ಜತೆ ಶಾಲಾಪೂರ್ವ ಶಿಕ್ಷಣವೂ ಒಂದು. ಕೇಂದ್ರಕ್ಕೆ ಒಬ್ಬ ಟೀಚರ್, ಒಬ್ಬ ಸಹಾಯಕಿ. ತೂಕ ನೋಡಬೇಕು, ರಿಜಿಸ್ಟರ್ ಬರೆಯಬೇಕು, ಮೊಬೈಲಿನಲ್ಲಿ ಪೋಷಣ್ ಟ್ರ್ಯಾಕರ್ ತುಂಬಬೇಕು. ಇದರ ನಡುವೆ ಅಚ್ಚಾದ ಮಾವಿನ ಹಣ್ಣಿನ ಚಿತ್ರ ಕೊಟ್ಟು 'ಗೆರೆ ದಾಟದ ಹಾಗೆ ಬಣ್ಣ ತುಂಬು' ಎನ್ನುವುದು ಸುಲಭದ ದಾರಿ. ಆದರೆ ಅದು ಚಿತ್ರಕಲೆ ಅಲ್ಲ. ಯಾರೋ ಯೋಚಿಸಿ ಬಿಡಿಸಿದ್ದಕ್ಕೆ ಮಗು ಕೂಲಿ ಮಾಡಿದ ಹಾಗೆ, ಅಷ್ಟೇ.

ಮಗು ತಾನಾಗಿ ಬಿಡಿಸುವುದನ್ನು ಒಮ್ಮೆ ಸುಮ್ಮನೆ ಕೂತು ನೋಡಿ. ಮೊದಲು ಬರೀ ಗೀಚು. ಮತ್ತೆ ಗೆರೆಯ ಎರಡು ತುದಿ ಕೂಡಿ ಒಂದು ಸುತ್ತು ಬರುತ್ತದೆ. ಆ ಸುತ್ತಿನೊಳಗೆ ಎರಡು ಚುಕ್ಕೆ ಇಟ್ಟು, ಕೆಳಗೆ ಎರಡು ಉದ್ದ ಗೆರೆ ಎಳೆದು 'ಇದು ಅಮ್ಮ' ಎನ್ನುತ್ತದೆ. ಹೊಟ್ಟೆಯಿಲ್ಲ, ತಲೆಯಿಂದಲೇ ಕಾಲು! ಮೂರು-ನಾಲ್ಕರ ಪ್ರಾಯದ ಮಕ್ಕಳು ಲೋಕದ ಎಲ್ಲ ಕಡೆ ಮನುಷ್ಯನನ್ನು ಹೀಗೆ ಬಿಡಿಸುವುದುಂಟು. ಅದು ತಪ್ಪಲ್ಲ, ಬೆಳವಣಿಗೆಯ ಒಂದು ಮೆಟ್ಟಿಲು. ನಾವು ನಕ್ಕು, ಪೆನ್ಸಿಲ್ ಕಸಿದು 'ಹೀಗಲ್ಲ, ಹೀಗೆ' ಎಂದು ತೋರಿಸುತ್ತೇವೆ. ಮರುದಿನ ಮಗು 'ನಂಗೆ ಬರುವುದಿಲ್ಲ, ನೀನೇ ಬಿಡಿಸಿಕೊಡು' ಎನ್ನತೊಡಗುತ್ತದೆ.

ಸಾಮಾನಿಗೆ ದುಡ್ಡಿಲ್ಲ ಎಂಬ ಮಾತು ನಮ್ಮ ಊರಿಗೆ ಹೊಂದುವುದಿಲ್ಲ. ಗದ್ದೆಯ ಅಂಟುಮಣ್ಣು ಉಂಟು, ಕೆಂಪುಕಲ್ಲಿನ ಹುಡಿ ಉಂಟು. ಸಾಗುವಾನಿಯ ಎಳೆ ಎಲೆ ಉಜ್ಜಿದರೆ ಕೆಂಪು, ಬಸಳೆಯ ಹಣ್ಣು ಹಿಂಡಿದರೆ ನೇರಳೆ, ಅರಸಿನದ ಹಳದಿ. ಇದ್ದಿಲಿನಲ್ಲಿ ಬಿಡಿಸಲು ಅಡಿಕೆ ಹಾಳೆಯ ಒಳಮೈಗಿಂತ ಒಳ್ಳೆಯ ಕಾಗದ ಬೇಕೇ? ತೆಂಗಿನ ಗರಿಯಲ್ಲಿ ಪೀಪಿ, ಹಾವು, ಕೈಗಡಿಯಾರ ಮಾಡಲು ಬಲ್ಲ ಅಜ್ಜಂದಿರು ಇನ್ನೂ ಇದ್ದಾರೆ. ಎಚ್ಚರಿಕೆ ಮಾತ್ರ ಬೇಕು. ಗುಲಗಂಜಿ ವಿಷ, ಮಕ್ಕಳ ಕೈಗೆ ಕೊಡಲೇಬೇಡಿ. ಮೂಗಿಗೆ, ಕಿವಿಗೆ ತುರುಕುವಷ್ಟು ಸಣ್ಣ ಬೀಜವೂ ಬೇಡ. ಮಣ್ಣು ನಾದಿದ ಬೆರಳಿಗೆ ಬಲ ಬರುತ್ತದೆ, ಅದೇ ಬೆರಳು ಮುಂದೆ ಪೆನ್ಸಿಲನ್ನೂ ಹಿಡಿಯುತ್ತದೆ. ಅಕ್ಷರಕ್ಕೆ ಅವಸರಪಡುವವರು ಇದನ್ನಾದರೂ ಕೇಳಬೇಕು.

ಆಟ ನೋಡಿ ಬಂದ ಮಗು ಮರುದಿನ ಬೆಳಿಗ್ಗೆ ಹಾಳೆಯನ್ನು ಕಿರೀಟ ಮಾಡಿ, ಡಬ್ಬವನ್ನು ಚೆಂಡೆ ಮಾಡಿ ಅಂಗಳದಲ್ಲಿ ಕುಣಿಯುತ್ತದೆ. ಯಕ್ಷಗಾನಕ್ಕೆ ಪಾರ್ತಿಸುಬ್ಬನನ್ನು ಕೊಟ್ಟ ಕುಂಬಳೆ ಸೀಮೆಯಲ್ಲಿ ಇದು ಸಹಜ. ಅಂಗನವಾಡಿಯ ವಾರ್ಷಿಕೋತ್ಸವ ಬಂದಾಗ ಮಾತ್ರ ಸಿನಿಮಾ ಹಾಡು ಹಾಕಿ, ತುಟಿಗೆ ಬಣ್ಣ ಬಳಿದು, ತಿಂಗಳುಗಟ್ಟಲೆ ಸ್ಟೆಪ್ ಕಲಿಸುತ್ತಾರೆ. ವೇದಿಕೆಯಲ್ಲಿ ಮಗು ಅಳುತ್ತದೆ, ನಾವು ವೀಡಿಯೋ ತೆಗೆಯುತ್ತೇವೆ. ಪುತ್ತೂರಿನಲ್ಲಿ ಬಾಲವನ ಕಟ್ಟಿದ ಕಾರಂತರ ನೆರೆಯವರು ನಾವು ಎಂದು ಹೇಳಿಕೊಳ್ಳಲು ನಾಚಿಕೆಯಾಗಬೇಕು.

ಗಡಿನಾಡಿನವರಿಗೆ ಇದರಲ್ಲಿ ಇನ್ನೊಂದು ಸಂಕಟವೂ ಉಂಟು. ಮಣ್ಣಿನಲ್ಲಿ ಆಡುವ ಮಗುವಿನ ಬಾಯಿ ಸುಮ್ಮನಿರುವುದಿಲ್ಲ. 'ಇದು ದನ, ಇದರ ಕರು ತೋಡಿಗೆ ಬಿತ್ತು' ಎಂದು ಕಥೆ ಕಟ್ಟುತ್ತಲೇ ಇರುತ್ತದೆ. ಮನೆಯಲ್ಲಿ ತುಳುವೋ ಹವ್ಯಕವೋ ಕೊಂಕಣಿಯೋ ಆಡುವ ಮಗುವಿಗೆ ಕನ್ನಡದ ಪದಗಳು ಕೂಡಿಕೊಳ್ಳುವುದು ಇಂಥ ಹೊತ್ತಿನಲ್ಲೇ. ಆ ಕಥೆ ಟೀಚರ್‌ಗೆ ಅರ್ಥವಾಗದಿದ್ದರೆ, ಮರುಪ್ರಶ್ನೆ ಬಾರದಿದ್ದರೆ, ಮಗು ಎರಡು ದಿನ ಹೇಳಿ ಮೂರನೇ ದಿನ ಬಾಯಿ ಮುಚ್ಚುತ್ತದೆ. ಸಂವಿಧಾನದ 350-ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯ ಶಿಕ್ಷಣ ಎನ್ನುವುದು ಪ್ರಾಥಮಿಕ ಹಂತಕ್ಕೆ. ಅಂಗನವಾಡಿ ಅದಕ್ಕಿಂತ ಮೊದಲಿನದು. ಹೀಗಾಗಿ ನಮ್ಮ ಹೋರಾಟವೂ ಒಂದನೇ ತರಗತಿಯಿಂದಲೇ ಶುರುವಾಗುತ್ತದೆ, ಅಷ್ಟು ಹೊತ್ತಿಗೆ ಮಗು ಬೇರೆ ಬಸ್ಸು ಹತ್ತಿಯಾಗಿರುತ್ತದೆ. 2013ರ ರಾಷ್ಟ್ರೀಯ ಶಿಶು ಆರೈಕೆ ಮತ್ತು ಶಿಕ್ಷಣ ನೀತಿ ಈ ಪ್ರಾಯಕ್ಕೆ ಮನೆಮಾತೇ ಮುಖ್ಯ ಎಂದಿದೆ. 2020ರ ಶಿಕ್ಷಣ ನೀತಿ ಚಿತ್ರ, ಕರಕುಶಲ, ನಾಟಕ, ಬೊಂಬೆಯಾಟ, ಸಂಗೀತವನ್ನೆಲ್ಲ ಶಿಶುಶಿಕ್ಷಣದೊಳಗೇ ಸೇರಿಸಿದೆ. ಕಾಗದದಲ್ಲಿ ಕೊರತೆಯಿಲ್ಲ.

'ಚಿತ್ರ ಬಿಡಿಸಿದರೆ ಅನ್ನ ಹುಟ್ಟುತ್ತದಾ?' ಎನ್ನುವವರಿಗೆ ನಾಲ್ಕು ವರ್ಷದ ಮಗು ಈಗಲೇ ಅನ್ನ ದುಡಿಯಬೇಕಾಗಿಲ್ಲ ಎಂದಷ್ಟೇ ಹೇಳಬಹುದು.

ಮುಂದಿನ ಗ್ರಾಮಸಭೆಯಲ್ಲಿ ರಸ್ತೆ, ದಾರಿದೀಪದ ಗಲಾಟೆ ಮುಗಿದ ಮೇಲೆ ಒಬ್ಬರಾದರೂ ಎದ್ದು ನಿಂತು ಕೇಳಲಿ. ನಮ್ಮ ವಾರ್ಡಿನ ಅಂಗನವಾಡಿಗೆ ಕನ್ನಡ ಬಲ್ಲ ಟೀಚರ್ ಇದ್ದಾರೆಯೇ? ಮಕ್ಕಳು ಸೀಮೆಸುಣ್ಣದಲ್ಲಿ ಗೀಚಲು ಒಳಗೋಡೆಯ ಕೆಳಗಿನ ಮೂರು ಅಡಿಗೆ ಕಪ್ಪು ಬಣ್ಣ ಬಳಿಸಲು ಪಂಚಾಯತು ಎಷ್ಟು ದುಡ್ಡು ಇಟ್ಟಿದೆ? ವಾರಕ್ಕೊಂದು ಮಧ್ಯಾಹ್ನ ಊರಿನ ಅಜ್ಜಿಯೊಬ್ಬರು ಬಂದು ಕಥೆ ಹೇಳಿದರೆ ಇಲಾಖೆಯ ಅಡ್ಡಿ ಉಂಟೇ? ಉತ್ತರ ಬಾರದಿದ್ದರೆ ನಿರ್ಣಯ ಪುಸ್ತಕದಲ್ಲಿ ಬರೆಸಿ, ಕನ್ನಡದಲ್ಲೇ.