ಹೊಂದದ ಮೀನು ಹೊಳೆ ಸೇರಿದರೆ

ನೀಲಿ ಡ್ಯಾಮ್ಸೆಲ್ ಹೆಬ್ಬೆರಳಿನಷ್ಟೇ ಇರುವ ಕಡಲ ಮೀನು. ಅಗ್ಗ, ಗಟ್ಟಿ, ನೋಡಲು ಚೆಂದ. ಮನೆಯಲ್ಲಿ ಹೊಸದಾಗಿ ಉಪ್ಪುನೀರಿನ ಅಕ್ವೇರಿಯಂ ಇಡುವವರ ಕೈಗೆ ಮೊದಲು ಬರುವುದು ಹೆಚ್ಚಾಗಿ ಇದೇ. ತಿಂಗಳೊಪ್ಪತ್ತಿನಲ್ಲಿ ಅದು ಕಲ್ಲಿನ ಸಂದಿಯೊಂದನ್ನು ತನ್ನದಾಗಿಸಿಕೊಂಡು ಕಾವಲು ಕೂರುತ್ತದೆ. ಆಮೇಲೆ ದುಬಾರಿ ಕ್ಲೌನ್‌ಫಿಶ್ ತಂದು ಬಿಟ್ಟರೆ ಅದಕ್ಕೆ ಉಳಿಗಾಲವಿಲ್ಲ. ರೆಕ್ಕೆ ಹರಿಸಿಕೊಂಡ ಕ್ಲೌನ್ ಮೂಲೆ ಹಿಡಿಯುತ್ತದೆ, ತಿನ್ನುವುದನ್ನು ಬಿಡುತ್ತದೆ, ಒಂದು ಬೆಳಿಗ್ಗೆ ತೇಲುತ್ತದೆ. ನೀರು ಕೆಟ್ಟಿರಬೇಕೆಂದು ಮಾಲೀಕ ಉಪ್ಪಿನಂಶ ಅಳೆಯುವ ಹೈಡ್ರೋಮೀಟರ್ ಇಳಿಬಿಡುತ್ತಾನೆ. ಅದು 1.025 ತೋರಿಸುತ್ತದೆ. ನೀರು ಸರಿಯಾಗಿಯೇ ಇದೆ, ಜೊತೆ ಸರಿಯಿಲ್ಲ.

ಈ ಹವ್ಯಾಸದಲ್ಲಿ ದುಡ್ಡು ಕಳೆದುಕೊಂಡವರ ಕತೆಗಳೆಲ್ಲ ಹೆಚ್ಚುಕಡಿಮೆ ಹೀಗೇ ಇರುತ್ತವೆ. ಲಯನ್‌ಫಿಶ್ ಯಾರ ಮೇಲೂ ಜಗಳಕ್ಕೆ ಹೋಗುವುದಿಲ್ಲ, ಬಾಯಿಗೆ ಹಿಡಿಸುವ ಮೀನನ್ನೆಲ್ಲ ಸದ್ದಿಲ್ಲದೆ ನುಂಗುತ್ತದೆ. ಪಫರ್ ಮೀನಿನೆದುರು ಸಿಗಡಿ ಬದುಕುವುದಿಲ್ಲ. ಮೀನಿನ ಮೈಮೇಲೆ ಬಿಳಿಚುಕ್ಕೆ ಕಂಡಿತೆಂದು ತಾಮ್ರದ ಔಷಧಿ ಹಾಕಿದರೆ ಮೀನು ಉಳಿದೀತು, ಅದೇ ಟ್ಯಾಂಕಿನ ಸಿಗಡಿ, ಬಸವನಹುಳುಗಳು ಸಾಯುತ್ತವೆ. ಕ್ಲೌನ್‌ಫಿಶ್ ಗುಂಪಿನಲ್ಲಿ ಎಲ್ಲಕ್ಕಿಂತ ದೊಡ್ಡದು ಹೆಣ್ಣು. ಎರಡು ಬಲಿತ ಹೆಣ್ಣುಗಳನ್ನು ಕೂಡಿಹಾಕಿದರೆ ಒಂದು ಉಳಿಯುವುದು ಕಷ್ಟ.

ಕೃಷ್ಣಾ ಕೊಳ್ಳದ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳಿಗೆ ಕಡಲು ದೂರ. ಹವಳದ ಟ್ಯಾಂಕಿಗೆ 25-27 ಡಿಗ್ರಿ ತಂಪು ಬೇಕು. ಅಥಣಿಯ ಏಪ್ರಿಲ್ ಬಿಸಿಲಿನಲ್ಲಿ ಕರೆಂಟ್ ಕೈಕೊಟ್ಟರೆ ಅಷ್ಟೇ. ಆದ್ದರಿಂದ ಇಲ್ಲಿನ ಮನೆ, ಹೋಟೆಲು, ದವಾಖಾನೆಗಳಲ್ಲಿ ಸಿಹಿನೀರಿನ ಟ್ಯಾಂಕೇ ಮಾಮೂಲು. ಚಿಂತೆ ಶುರುವಾಗಬೇಕಾದದ್ದೂ ಅಲ್ಲಿಂದಲೇ. ಬೇಡವಾದ ಕಡಲ ಮೀನನ್ನು ದೂಧಗಂಗಾ ನದಿಗೆ ಬಿಟ್ಟರೆ ಅದು ಸಾಯುತ್ತದೆ, ನಷ್ಟ ಮಾಲೀಕನ ಜೇಬಿಗೆ ಮಾತ್ರ. ಸಿಹಿನೀರಿನ ಮೀನು ಸಾಯುವುದಿಲ್ಲ.

ಸಕ್ಕರ್ ಮೀನನ್ನೇ ನೋಡಿ. ಗಾಜಿಗಂಟಿದ ಪಾಚಿ ತಿನ್ನುತ್ತದೆಂದು 'ಟ್ಯಾಂಕ್ ಕ್ಲೀನರ್' ಹೆಸರಿನಲ್ಲಿ ಎರಡಿಂಚಿನ ಮರಿ ಮಾರಾಟವಾಗುತ್ತದೆ. ದಕ್ಷಿಣ ಅಮೆರಿಕ ಮೂಲದ ಈ ಮೀನು ಅಡಿ ದಾಟಿ ಬೆಳೆಯುತ್ತದೆ. ಟ್ಯಾಂಕಿಗೆ ಹಿಡಿಸದಾದಾಗ ಕೊಲ್ಲಲು ಮನಸ್ಸಾಗದೆ ಕೆರೆಗೋ ಹೊಳೆಗೋ ಬಿಡುತ್ತಾರೆ. ಮೈತುಂಬ ಮೂಳೆಯ ಚಿಪ್ಪು, ಮುಳ್ಳಿನಂಥ ರೆಕ್ಕೆ. ಬಲೆಗೆ ಬಿದ್ದರೆ ಬಲೆ ಹರಿಯುತ್ತದೆ, ಮಾರಿದರೆ ಕೊಳ್ಳುವವರಿಲ್ಲ. ಮೊಟ್ಟೆಯಿಡಲು ದಂಡೆಯ ಮಣ್ಣಿನಲ್ಲಿ ಬಿಲ ಕೊರೆಯುವುದರಿಂದ ದಂಡೆಯೂ ಕುಸಿಯುತ್ತದೆ. ಇದು ಪೂರ್ವಘಟ್ಟದ ಜಲಮೂಲಗಳಲ್ಲಿ ವ್ಯಾಪಕವಾಗಿ ಹರಡಿರುವುದನ್ನು ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ನೀರಿನಲ್ಲಿ ಸಿಗುವ ಡಿಎನ್‌ಎ ಆಧರಿಸಿ ಗುರುತಿಸಿದ್ದಾರೆ.

ಯಾರೂ ಬೇಕೆಂದು ಬಿಡದಿದ್ದರೂ ಈ ಐದು ತಾಲೂಕುಗಳಲ್ಲಿ ಮೀನಿಗೆ ದಾರಿ ಸಿಗುತ್ತದೆ. ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ಜೋರಾದರೆ ಕಲ್ಲೋಳ-ಯಡೂರು ಸೇತುವೆ ಮುಳುಗುತ್ತದೆ, ಕುಡಚಿ-ಉಗಾರ ರಸ್ತೆ ಬಂದ್ ಆಗುತ್ತದೆ. 2019ರಲ್ಲಿ, ಮತ್ತೆ 2021ರಲ್ಲಿ ನಿಪ್ಪಾಣಿ ಹತ್ತಿರದ ಯಮಗರ್ಣಿಯಲ್ಲಿ ವೇದಗಂಗಾ ನೀರು ರಾಷ್ಟ್ರೀಯ ಹೆದ್ದಾರಿಗೇ ಬಂದಿತ್ತು. ಹೆದ್ದಾರಿ ಮುಳುಗಿಸುವ ನೀರಿಗೆ ಮೀನುಹೊಂಡದ ಬದು ಯಾವ ಲೆಕ್ಕ?

ಇದು ಬರೀ ಊಹೆಯಲ್ಲ. 1971ರ ಪ್ರವಾಹದಲ್ಲಿ ಹಿಮಾಚಲ ಪ್ರದೇಶದ ದೇವಲಿ ಮೀನು ಫಾರಂನಿಂದ ಸಿಲ್ವರ್ ಕಾರ್ಪ್ ತಪ್ಪಿಸಿಕೊಂಡು ಗೋವಿಂದ ಸಾಗರ ಜಲಾಶಯ ಸೇರಿತು. ಅದೂ ಅಲ್ಲಿದ್ದ ಕಾಟ್ಲಾವೂ ಮೇಲ್ಪದರದಲ್ಲೇ ಮೇಯುವ ಮೀನುಗಳು. ಮುಂದಿನ ವರ್ಷಗಳಲ್ಲಿ ಅಲ್ಲಿ ಸಿಲ್ವರ್ ಕಾರ್ಪ್ ಕೈಮೇಲಾಯಿತು, ಕಾಟ್ಲಾ ಇಳಿಮುಖವಾಯಿತು. 1952ರಲ್ಲಿ ಭಾರತಕ್ಕೆ ಬಂದ ತಿಲಾಪಿಯಾ, ಅಂದರೆ ನಮ್ಮ ಜಿಲೇಬಿ ಮೀನು, ಮೊಟ್ಟೆಗಳನ್ನು ಬಾಯಿಯಲ್ಲೇ ಇಟ್ಟುಕೊಂಡು ಮರಿಮಾಡುತ್ತದೆ. ಶತ್ರುವಿಗೆ ಮೊಟ್ಟೆ ಸಿಗದ ಕಾರಣ ಸಂತತಿ ಬೇಗ ಹೆಚ್ಚುತ್ತದೆ. ತಮಿಳುನಾಡಿನ ವೈಗೈ ಜಲಾಶಯದಲ್ಲಿ ಅದರದೇ ದರಬಾರಾಯಿತು. ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಯನ್ನು 2000ದಲ್ಲೇ ನಿಷೇಧಿಸಲಾಗಿದೆ. ನೇರವಾಗಿ ಗಾಳಿ ಉಸಿರಾಡಿ ಕೆಸರಿನಲ್ಲೂ ಬದುಕುವ ಈ ಮೀನಿನ ಕದ್ದುಮುಚ್ಚಿ ಸಾಕಣೆ ಮಾತ್ರ ಪೂರ್ತಿ ನಿಂತಿಲ್ಲ.

ಒಳ್ಳೆಯ ಉದ್ದೇಶವಿದ್ದಾಗಲೂ ಲೆಕ್ಕ ತಪ್ಪುತ್ತದೆ ಎನ್ನುವುದಕ್ಕೆ ಕಾವೇರಿಯ ಮಹಸೀರ್ ಸಾಕ್ಷಿ. 1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಕುಟುಂಬದವರೊಬ್ಬರು ಕಬಿನಿಯಲ್ಲಿ 120 ಪೌಂಡ್ ತೂಕದ ಮಹಸೀರ್ ಹಿಡಿದಿದ್ದರು. ಅಂಥ ಮೀನು ಕಡಿಮೆಯಾಗುತ್ತಿದೆ ಎಂದು 1970ರ ದಶಕದಿಂದೀಚೆಗೆ ಲೋಣಾವಳದ ಮರಿ ಕೇಂದ್ರದಲ್ಲಿ ಬೆಳೆಸಿದ ಮಹಸೀರ್ ಮರಿಗಳನ್ನು ಕಾವೇರಿಗೆ ಬಿಡಲಾಯಿತು. ಅವು ಕೃಷ್ಣಾ ಕೊಳ್ಳದ ನೀಲಿ ರೆಕ್ಕೆಯ ಮಹಸೀರ್‌ಗಳು. ಕಾವೇರಿಯದು ಬೇರೆಯದೇ ಆದ, ಬೆನ್ನು ಉಬ್ಬಿದ ಜಾತಿ. ನೀಲಿ ರೆಕ್ಕೆಯದು ಹೊಳೆ ತುಂಬಿತು, ಡುಬ್ಬದ ಮಹಸೀರ್ 2018ರಲ್ಲಿ ತೀವ್ರ ಅಳಿವಿನಂಚಿನ ಪಟ್ಟಿ ಸೇರಿತು. ಅಣೆಕಟ್ಟು, ಮರಳುಗಾರಿಕೆ, ಡೈನಮೈಟ್ ಮೀನುಗಾರಿಕೆಯ ಪಾಲೂ ಇದರಲ್ಲಿದೆ. ಆದರೆ ಹಿತ ಬಯಸಿ ಬಿಟ್ಟ ಮೀನೇ ಪೈಪೋಟಿಗೆ ನಿಂತದ್ದು ಸುಳ್ಳಲ್ಲ.

ಹಾಗಾದರೆ ಹೊರಗಿನ ಮೀನೆಲ್ಲ ಕೆಟ್ಟದ್ದೇ? ಅಲ್ಲ. ರೈತರು ಕೃಷಿಹೊಂಡದಲ್ಲಿ ಸಾಕುವ ಕಾಟ್ಲಾ, ರೋಹು, ಮೃಗಾಲ್ ಮೂರೂ ಗಂಗೆಯ ಕಡೆಯವು. ಕಾಟ್ಲಾ ಮೇಲಿನ ನೀರಿನಲ್ಲಿ ಮೇಯುತ್ತದೆ, ರೋಹು ನಡುವೆ, ಮೃಗಾಲ್ ತಳದಲ್ಲಿ. ಒಂದರ ಮೇವಿಗೆ ಇನ್ನೊಂದು ಬಾಯಿ ಹಾಕುವುದು ಕಡಿಮೆ. ಮಿಶ್ರ ಸಾಕಣೆಯ ಲಾಭ ನಿಂತಿರುವುದೇ ಈ ಹೊಂದಾಣಿಕೆಯ ಮೇಲೆ. ಮೀನುಗಾರಿಕೆ ಇಲಾಖೆ ರೈತರಿಗೆ ದಶಕಗಳಿಂದ ಹೇಳಿಕೊಟ್ಟ ಈ ಪಾಠ ಅಕ್ವೇರಿಯಂ ಅಂಗಡಿಯ ಗಲ್ಲಾಪೆಟ್ಟಿಗೆಯ ತನಕ ಬಂದಿಲ್ಲ ಎನ್ನುವುದೇ ತಕರಾರು.

ಅಕ್ವೇರಿಯಂ ಅಂಗಡಿಗಳಿಗೆ ಕಡಿವಾಣ ಹಾಕುವ ನಿಯಮಗಳನ್ನು ಕೇಂದ್ರ ಸರಕಾರ 2017ರಲ್ಲಿ ತಂದು, ವಿರೋಧ ಬಂದ ಮೇಲೆ ಹಿಂಪಡೆಯಿತು. ಸಣ್ಣ ವ್ಯಾಪಾರಿಯನ್ನು ಕಾಗದಪತ್ರದಲ್ಲಿ ಸಿಕ್ಕಿಸುವ ಕಾನೂನು ಈಗಲೂ ಬೇಕಿಲ್ಲ. ಪ್ರತಿ ತೊಟ್ಟಿಯ ಮೇಲೆ ಕನ್ನಡ ಮತ್ತು ಮರಾಠಿಯಲ್ಲಿ ಮೂರು ಸಾಲಿನ ಚೀಟಿ ಸಾಕು: ಎಷ್ಟು ದೊಡ್ಡದಾಗುತ್ತದೆ, ಏನು ತಿನ್ನುತ್ತದೆ, ಯಾವುದರ ಜೊತೆ ಬಿಡಬಾರದು. ಬೆಳೆದು ಬೇಡವಾದ ಮೀನನ್ನು ಅಂಗಡಿಯವರೇ ವಾಪಸು ಪಡೆಯುವ ಪದ್ಧತಿಯೂ ಬರಬೇಕು. ದುಡ್ಡು ಮರಳಿ ಕೊಡದಿದ್ದರೂ ನಡೆದೀತು, ಹೊಳೆಗೆ ಬಿಡುವುದು ತಪ್ಪುತ್ತದೆ.

ಬೇಡವಾದ ಮೀನನ್ನು ನೀರಿಗೆ ಬಿಡುವ ಅಸಡ್ಡೆಗೆ ಅಮೆರಿಕ ದೊಡ್ಡ ಬೆಲೆ ತೆತ್ತಿದೆ. ಫ್ಲಾರಿಡಾ ಕಡಲಿನಲ್ಲಿ ಲಯನ್‌ಫಿಶ್ ಮೊದಲು ಕಂಡದ್ದು 1985ರಲ್ಲಿ. ಅಕ್ವೇರಿಯಂನಿಂದ ಬಿಟ್ಟ ಮೀನುಗಳೇ ಅದರ ಮೂಲವೆಂದು ವಿಜ್ಞಾನಿಗಳು ನಂಬುತ್ತಾರೆ. ಇವತ್ತು ಅದು ಕೆರಿಬಿಯನ್ ತುಂಬ ಹಬ್ಬಿದೆ. ಈಟಿಯಿಂದ ಚುಚ್ಚಿ ಹಿಡಿಯುವ ಸ್ಪರ್ಧೆಗಳನ್ನು ಏರ್ಪಡಿಸಿದರೂ ಬುಡಸಮೇತ ಕೀಳಲಾಗಿಲ್ಲ.

ಕೃಷ್ಣಾ ದಂಡೆಯಲ್ಲಿ ಇದನ್ನು ತಡೆಯುವ ಕೆಲಸ ಅಷ್ಟು ಕಠಿಣವಲ್ಲ, ಆದರೆ ಮಳೆಗಾಲಕ್ಕೆ ಮುಂಚೆ ಆಗಬೇಕು. ನೆರೆ ಸಿದ್ಧತೆಯ ಸಭೆಗಳಲ್ಲಿ ದೋಣಿ, ಕಾಳಜಿ ಕೇಂದ್ರ, ದನಕರುಗಳ ಮೇವಿನ ಲೆಕ್ಕ ತೆಗೆಯುವ ಅಧಿಕಾರಿಗಳು ಹೊಳೆದಂಡೆಯ ಮೀನುಹೊಂಡಗಳ ಪಟ್ಟಿಯನ್ನೂ ಜೊತೆಗಿಡಲಿ: ಯಾರ ಹೊಂಡ, ಒಳಗೆ ಯಾವ ಜಾತಿ, ಬದು ಎಷ್ಟು ಎತ್ತರ. ನಿಷೇಧಿತ ಮೀನಿರುವ ಹೊಂಡ ಜೂನ್ ಒಳಗೆ ಬರಿದಾಗಲಿ.